ಕ್ಲಾಸಿಕ್ ರಾಕ್‌ನ ಗಡಿ ಎಲ್ಲಿಗೆ ಮುಗಿಯುತ್ತದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕ್ಲಾಸಿಕ್ ರಾಕ್ ಎಂದರೆ ಬೀಟಲ್ಸ್‌ನಿಂದ ಹಿಡಿದು ಲೆಡ್ ಜೆಪ್ಲಿನ್ ತಂಡ ಒಡೆದ 1980ರವರೆಗಿನ ಸಂಗೀತ ಎಂದೇ ನಾನು ನಂಬಿಕೊಂಡು ಬಂದವನು. ಮೊನ್ನೆ ಇಂಟರ್ನೆಟ್ ರೇಡಿಯೊದಲ್ಲಿ ಪಿಂಕ್ ಫ್ಲಾಯ್ಡ್ ಹಾಡು ಮುಗಿಯುತ್ತಿದ್ದಂತೆಯೇ ನಿರ್ವಾಣ ತಂಡದ 1991ರ ‘ನೆವರ್‌ಮೈಂಡ್’ ಆಲ್ಬಮ್ಮಿನ ಹಾಡೊಂದನ್ನು ಹಾಕಿದರು. ನಾನು ಆಕ್ಷೇಪಿಸಿದಾಗ ಮಗಳು, “ನಾನು ಹುಟ್ಟುವುದಕ್ಕೆ ಎಷ್ಟೋ ಮುಂಚಿನದು, ಅದೂ ಕ್ಲಾಸಿಕ್ಕೇ ಅಲ್ಲವೇ ಅಪ್ಪಾ?” ಎಂದಳು. ಇದಕ್ಕೆ ವರ್ಷದ ಲೆಕ್ಕ ಆಧಾರವೋ, ಶೈಲಿಯೋ, ಅಥವಾ ನಮ್ಮ ಹರೆಯದ ಹಂಬಲವೋ? ಆಬ್ಬಾದಂಥ ಪಾಪ್ ತಂಡಗಳನ್ನೂ ಈ ಸಾಲಿಗೆ ಸೇರಿಸಬಹುದೇ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1

ಈ ಹೆಸರನ್ನು ಊರ್ಜಿತಗೊಳಿಸಿದವರು ಸಂಗೀತಗಾರರಲ್ಲ, ಅಮೆರಿಕದ ರೇಡಿಯೊ ಕೇಂದ್ರಗಳು. 1960ರ ದಶಕದ ನಡುವಿನಲ್ಲಿ, ದೊಡ್ಡ ನಗರಗಳ ಎಫ್‌ಎಂ ಕೇಂದ್ರಗಳು ಎಎಂ ಎಂಬ ಹಳೆಯ ಬಗೆಯ ರೇಡಿಯೊ ಕೇಂದ್ರಗಳ ಕಾರ್ಯಕ್ರಮಗಳನ್ನೇ ಪುನಃ ಬಿತ್ತರಿಸುವುದಕ್ಕೆ ಅಲ್ಲಿನ ಸರ್ಕಾರಿ ಆಯೋಗ ಮಿತಿ ಹಾಕಿತು. ಖಾಲಿಯಾದ ಆ ಸಮಯದಲ್ಲಿ ನಿರೂಪಕರು ಮೂರು ನಿಮಿಷದ ಜನಪ್ರಿಯ ಹಾಡುಗಳನ್ನು ಬದಿಗಿಟ್ಟು, ಆಲ್ಬಮ್ಮುಗಳ ದೀರ್ಘ ಹಾಡುಗಳನ್ನು ಹಾಕತೊಡಗಿದರು. ಆಗ ಕೇಳುತ್ತಿದ್ದ ಹುಡುಗರು 1980ರ ದಶಕದಲ್ಲಿ ಸಂಸಾರಸ್ಥರಾಗಿ, ಕೈಯಲ್ಲಿ ಹಣವಿದ್ದು, ಹೊಸ ಸಂಗೀತದತ್ತ ಅಷ್ಟಾಗಿ ಕಿವಿಗೊಡದವರಾಗಿದ್ದರು. ಜಾಹೀರಾತುದಾರರಿಗೆ ಬೇಕಾಗಿದ್ದುದು ಅವರೇ. ಅವರಿಗಾಗಿ ಹಳೆಯ ಹಾಡುಗಳನ್ನಷ್ಟೇ ಬಿತ್ತರಿಸುವ ಕೇಂದ್ರಗಳು ಹುಟ್ಟಿಕೊಂಡು, ‘ಕ್ಲಾಸಿಕ್ ರಾಕ್’ ಎಂಬ ಫಲಕ ತೂಗಿಸಿದವು. ಕೇಳುಗರ ತಲೆಮಾರು ಬದಲಾದಂತೆ ಗಡಿಯೂ ಸರಿಯುವುದು ಈ ವ್ಯವಸ್ಥೆಯ ಸ್ವಭಾವ.

ಅಮೆರಿಕದ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಸಂಸ್ಥೆಯಂತೂ ಮೊದಲ ಧ್ವನಿಮುದ್ರಿಕೆ ಹೊರಬಂದು 25 ವರ್ಷವಾಗಿರಬೇಕೆಂಬ ನಿಯಮವನ್ನೇ ಇಟ್ಟುಕೊಂಡಿದೆ. ಅಲ್ಲಿ ಆಬ್ಬಾಗೆ 2010ರಲ್ಲಿ, ನಿರ್ವಾಣಕ್ಕೆ 2014ರಲ್ಲಿ ಗೌರವ ಸಂದಿದೆ. ನಿಮ್ಮ ಎರಡೂ ಪ್ರಶ್ನೆಗಳಿಗೆ ಆ ಸಂಸ್ಥೆಯ ಉತ್ತರ ಇದು. ಮಗಳ ಮಾತನ್ನು ನೀವು ಒಪ್ಪಲೇಬೇಕಾಗುತ್ತದೆ.

ಉತ್ತರ 2

ಹಂಬಲದ ಪಾತ್ರವನ್ನು ಕಡೆಗಣಿಸಬಾರದು. ಹಾಲ್‌ಬ್ರೂಕ್ ಮತ್ತು ಶಿಂಡ್ಲರ್ ಎಂಬ ಸಂಶೋಧಕರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನರು ತಮ್ಮ ಸುಮಾರು 24ನೆಯ ವಯಸ್ಸಿನಲ್ಲಿ ಜನಪ್ರಿಯವಾಗಿದ್ದ ಹಾಡುಗಳನ್ನೇ ಹೆಚ್ಚಾಗಿ ಮೆಚ್ಚುತ್ತಾರೆಂದು ಕಂಡುಬಂತು.

ಆದರೆ ನಮ್ಮ ಕಡೆಯವರ ಹಂಬಲಕ್ಕೆ ಬೇರೆಯದೇ ಪಂಚಾಂಗವಿದೆ. 1971ರ ‘ಸ್ಟೇರ್‌ವೇ ಟು ಹೆವನ್’ ನನಗೆ ದಕ್ಕಿದ್ದು ಎಂಬತ್ತರ ದಶಕದ ಕೊನೆಯಲ್ಲಿ, ಬೆಂಗಳೂರಿನ ಹಾಸ್ಟೆಲಿನಲ್ಲಿ, ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಾಗುತ್ತ ಬಂದ 90 ನಿಮಿಷದ ಟೇಪಿನಲ್ಲಿ. ಗೆಳೆಯನು ನೀಲಿ ಶಾಯಿಯಲ್ಲಿ ಹಾಡುಗಳ ಪಟ್ಟಿ ಬರೆದಿದ್ದ. ಎಂಟು ನಿಮಿಷದ ಆ ಹಾಡು ಮುಗಿಯುವ ಮೊದಲೇ ಟೇಪಿನ ಒಂದು ಬದಿ ಮುಗಿದು, ಗಿಟಾರಿನ ಏಕಾಂಗಿ ವಾದನ ನಡುವಿನಲ್ಲೇ ಕಡಿದುಹೋಗುತ್ತಿತ್ತು. ಈಗ ಪೂರ್ತಿ ಹಾಡು ಕೇಳಿದಾಗಲೂ ಆ ಜಾಗ ಬಂದೊಡನೆ ಮನಸ್ಸು ಗುಂಡಿ ಒತ್ತಿದ ಸದ್ದಿಗಾಗಿ ಕಾಯುತ್ತದೆ. 2003ರಲ್ಲಿ ಅರಮನೆ ಮೈದಾನಕ್ಕೆ ರೋಲಿಂಗ್ ಸ್ಟೋನ್ಸ್ ಬಂದಾಗ ನೆರೆದ ನಮ್ಮಂಥವರಲ್ಲಿ ಅನೇಕರಿಗೆ ಅರವತ್ತರ ದಶಕದ ನೇರ ನೆನಪು ಇರಲೇ ಇಲ್ಲ. ಆದರೂ ಅದು ನಮ್ಮ ಸಂಗೀತವೇ ಆಗಿತ್ತು. ಹೀಗಿರುವಾಗ ಹುಟ್ಟಿದ ವರ್ಷದಿಂದ ಗಡಿ ಎಳೆಯುವುದು ನನಗೆ ಸರಿಕಾಣುವುದಿಲ್ಲ. ಕೇಟ್ ಬುಷ್ ಅವರ 1985ರ ‘ರನ್ನಿಂಗ್ ಅಪ್ ದಟ್ ಹಿಲ್’ ಒಂದು ಟಿವಿ ಧಾರಾವಾಹಿಯ ಮೂಲಕ 2022ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದನ್ನು ಹೊಸದಾಗಿ ಮೆಚ್ಚಿಕೊಂಡ ಹದಿಹರೆಯದವರಿಗೆ ಆ ಕಾಲದ ಯಾವ ನೆನಪಿನ ಹಂಗೂ ಇರಲಿಲ್ಲ. ಅಂಥ ಹಾಡನ್ನು ಕ್ಲಾಸಿಕ್ ಎನ್ನಲು ನಾನು ಹಿಂಜರಿಯುವುದಿಲ್ಲ.

ಉತ್ತರ 3

ಗಡಿ ಎಲ್ಲಿ ಮುಗಿಯುತ್ತದೆ ಎಂಬುದಕ್ಕಿಂತ, ಗಡಿಯೊಳಗೆ ಯಾರನ್ನು ಬಿಟ್ಟುಕೊಂಡಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ರಾಕ್ ಗಿಟಾರಿನ ಭಾಷೆಯನ್ನು ರೂಪಿಸಿದವರಲ್ಲಿ ಸಿಸ್ಟರ್ ರೊಸೆಟಾ ಥಾರ್ಪ್ ಮತ್ತು ಚಕ್ ಬೆರಿ ಮೊದಲಿಗರು. ಇಬ್ಬರೂ ಕಪ್ಪು ಜನಾಂಗದವರು. ಆದರೆ ಕ್ಲಾಸಿಕ್ ರಾಕ್ ಕೇಂದ್ರಗಳಲ್ಲಿ ದಿನವಿಡೀ ಕೇಳಿದರೂ ಜಿಮಿ ಹೆಂಡ್ರಿಕ್ಸ್ ಅವರನ್ನು ಬಿಟ್ಟರೆ ಕಪ್ಪು ಕಲಾವಿದರು ಸಿಗುವುದು ಅಪರೂಪ. ಡೆಟ್ರಾಯ್ಟಿನ ಮೋಟೌನ್ ಕಂಪನಿಯ ಹಾಡುಗಳನ್ನು ‘ಓಲ್ಡೀಸ್’ (ಹಳೆಯ ಜನಪ್ರಿಯ ಹಾಡುಗಳು) ಎಂಬ ಬೇರೆ ಖಾನೆಗೆ ಹಾಕಿಬಿಟ್ಟರು. ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಬಂದ 1973ರಲ್ಲೇ ಸ್ಟೀವಿ ವಂಡರ್ ಅವರ ‘ಇನ್ನರ್‌ವಿಷನ್ಸ್’ ಬಂದು, ಆ ಸಾಲಿನ ಅತ್ಯುತ್ತಮ ಆಲ್ಬಮ್ ಎಂದು ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಒಂದೇ ವರ್ಷದ, ಅಷ್ಟೇ ಸಾಹಸದ ಎರಡು ಕೃತಿಗಳಲ್ಲಿ ಒಂದಕ್ಕೆ ಮಾತ್ರ ಆ ಕೇಂದ್ರಗಳಲ್ಲಿ ನಿತ್ಯದ ಸ್ಥಾನ ಸಿಕ್ಕಿದ್ದನ್ನು ಶೈಲಿಯ ನೆಪದಿಂದ ಸಮರ್ಥಿಸಲಾಗದು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಮೂರನೆಯವರ ಮಾತಿಗೆ ನನ್ನ ಬಳಿ ಎದುರು ಮಾತಿಲ್ಲ. ಸ್ಟೀವಿ ವಂಡರ್ ಅವರ ಆಲ್ಬಮ್ಮನ್ನು ಮಗಳೊಂದಿಗೆ ಕೇಳಬೇಕೆಂದಿದ್ದೇನೆ; ಎಲ್ಲಿಂದ ಆರಂಭಿಸಲಿ?

ಉತ್ತರ 3 ಬರೆದವರಿಂದ

‘ಲಿವಿಂಗ್ ಫಾರ್ ದ ಸಿಟಿ’ಯಿಂದ ಆರಂಭಿಸಿ, ಸರ್. ಅದರ ಎಲ್ಲ ವಾದ್ಯಗಳನ್ನೂ ಅವರೊಬ್ಬರೇ ನುಡಿಸಿದ್ದಾರೆ. ಏಳು ನಿಮಿಷ ಮೀರಿದ ಆ ಹಾಡಿನ ನಡುವೆ, ಮಿಸಿಸಿಪ್ಪಿಯಿಂದ ಬಂದ ತರುಣನೊಬ್ಬ ನ್ಯೂಯಾರ್ಕಿಗೆ ಕಾಲಿಟ್ಟು, ಪೊಲೀಸರ ಕೈಗೆ ಸಿಕ್ಕಿ ಜೈಲು ಸೇರುವ ದೃಶ್ಯವನ್ನು ಸಂಭಾಷಣೆ ಮತ್ತು ಬೀದಿಯ ಸದ್ದುಗಳಲ್ಲೇ ಕಟ್ಟಿದ್ದಾರೆ. ಸಿಂಗಲ್ (ಬಿಡಿ ಹಾಡು) ಆಗಿ ಹೊರಬಂದ ಮೊಟಕು ಪ್ರತಿಯಲ್ಲಿ ಆ ಭಾಗವಿಲ್ಲ, ಆದ್ದರಿಂದ ಆಲ್ಬಮ್ಮಿನ ಪ್ರತಿಯನ್ನೇ ಹಾಕಿ.