‘ಲೈನ್’ಗೆ ರೇಖೆಯೋ, ಎಳೆಯೋ?

ಹೋದ ವಾರ ಗದಗದಲ್ಲಿ ನನ್ನ ತಮ್ಮ ಕಟ್ಟಿಸುತ್ತಿರುವ ಮನೆ ನೋಡಲು ಹೋಗಿದ್ದೆ. ಗೌಂಡಿ ತನ್ನ ಕೈಕೆಳಗಿನ ಹುಡುಗನಿಗೆ ‘ಲೈನ್ ಬಿಗಿ ಹಿಡಿಯೋ ತಮ್ಮಾ, ಜೋತು ಬಿದ್ದೈತಿ’ ಅಂದ. ಹುಡುಗನ ಕೈಯಲ್ಲಿದ್ದದ್ದು ದಾರ. ಎರಡು ಮೂಲೆಗೆ ಮೊಳೆ ಬಡಿದು ಜಗ್ಗಿ ಕಟ್ಟಿ, ಅದರ ಗುಂಟ ಇಟ್ಟಂಗಿ ಇಡುತ್ತಾರಲ್ಲ, ಆ ದಾರ. ಲೈನ್ ಅಂದರೆ ಮೊದಲು ಗೆರೆ, ಉಳಿದ ಅರ್ಥಗಳೆಲ್ಲ ಆಮೇಲಿನವು ಎಂದೇ ನಾನು ತಿಳಿದಿದ್ದೆ. ವ್ಯುತ್ಪತ್ತಿ ಹುಡುಕಿದರೆ ಗೌಂಡಿಯ ಅರ್ಥವೇ ಹಳೆಯದು.

ಲ್ಯಾಟಿನ್ ಭಾಷೆಯಲ್ಲಿ ‘ಲೀನುಮ್’ ಎಂದರೆ ಅಗಸೆ ಗಿಡ, ಅದರ ನಾರು. ಆ ನಾರಿನ ದಾರ ‘ಲೀನೆಯಾ’. ದಾರ ಜಗ್ಗಿ ಹಿಡಿದರೆ ನೆಟ್ಟಗಿರುತ್ತದೆ, ಹಾಗಾಗಿ ದಾರದ ಹೆಸರೇ ಗೆರೆಗೂ ಆಯಿತು. ಹಳೆಯ ಇಂಗ್ಲಿಷಿನಲ್ಲಿ ಹಗ್ಗ ಎಂಬ ಅರ್ಥದಲ್ಲಿ ಇದೇ ಬೇರಿನ ಒಂದು ಪದವಿತ್ತು. ಮುಂದೆ ಫ್ರೆಂಚ್ ಕಡೆಯಿಂದ ಇನ್ನೊಂದು ರೂಪ ಬಂದು ಅದರೊಳಗೆ ಬೆರೆಯಿತು. ಮೀನಿನ ಗಾಳದ ಲೈನ್, ಬಟ್ಟೆ ಒಣಹಾಕುವ ಲೈನ್ ಎಂದಾಗ ಇಂದಿಗೂ ಆ ಹಗ್ಗದ ಅರ್ಥವೇ. ಲಿನನ್ ಬಟ್ಟೆಯ ಹೆಸರೂ ಇಲ್ಲಿಂದಲೇ ಹುಟ್ಟಿದ್ದು. ಕೋಟಿನ ಲೈನಿಂಗ್, ಅಂದರೆ ನಮ್ಮ ಸಿಂಪಿಗರು ‘ಅಸ್ತರ’ ಅನ್ನುವುದು, ಒಳಗೆ ಲಿನನ್ ಕೊಟ್ಟು ಹೊಲಿಯುತ್ತಿದ್ದುದರಿಂದ ಬಂದ ಮಾತು. ಕ್ರಿಕೆಟ್ಟಿನ ಲೈನ್ ಅಂಡ್ ಲೆಂಗ್ತ್‌ನ ಲೈನ್, ಬ್ಯಾಟಿಗೆ ಹಚ್ಚುವ ಲಿನ್‌ಸೀಡ್ ಎಣ್ಣೆ, ಎರಡೂ ಒಂದೇ ಗಿಡದ ಹೆಸರು ಹೊತ್ತಿವೆ.

ಆ ಗಿಡ ನಮಗೆ ಹೊಸದೇ? ರೊಟ್ಟಿ ಜೋಡಿ ಅಗಸಿ ಹಿಂಡಿ ಇಲ್ಲದ ಊಟ ನಮ್ಮ ಮನೆಯಲ್ಲಿ ನಾನು ಕಂಡಿಲ್ಲ. ಎರಿ ಹೊಲದಲ್ಲಿ ಹಿಂಗಾರಿಗೆ ನೀಲಿ ಹೂ ಬಿಡುವ ಅದೇ ಅಗಸಿ. ಸಂಸ್ಕೃತದಲ್ಲಿ ಅತಸೀ, ಹಿಂದಿಯಲ್ಲಿ ಅಲಸೀ. ಉದ್ದ ಕಾಂಡದ ತಳಿಯನ್ನು ನಾರಿಗಾಗಿ ಬೆಳೆಯುತ್ತಾರೆ, ನಾವು ಬೆಳೆಯುವುದು ಕಾಳಿಗಾಗಿ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಈ ಗಿಡಕ್ಕೆ ಇಟ್ಟ ವೈಜ್ಞಾನಿಕ ಹೆಸರಿನ ಅರ್ಥವೇ ‘ಎಲ್ಲಕ್ಕಿಂತ ಹೆಚ್ಚು ಬಳಕೆಗೆ ಬರುವ ಲೀನುಮ್’. (ಊರಬಾಗಿಲಿಗೆ ನಾವು ಅನ್ನುವ ‘ಅಗಸಿ’ಯನ್ನು ಇದರ ಜೋಡಿ ಬೆರೆಸಬೇಡಿ.)

ನಮ್ಮ ಕಡೆ ಲೈನ್ ಎಷ್ಟು ಕಡೆ ಹೊಕ್ಕಿದೆ ನೋಡಿ. ಕರೆಂಟ್ ಹೋದರೆ ‘ಲೈನ್ ಹೋತು’. ಹುಬ್ಬಳ್ಳಿಯಲ್ಲಿ ‘ಗದಗ ಲೈನಿನ ಗಾಡಿ’. ಹುಡುಗಿಯ ಹಿಂದೆ ಬಿದ್ದವನು ‘ಲೈನ್ ಹೊಡಿತಾನ’. ಸಿಪಾಯಿಗಳ ವಸತಿಯ ಸಾಲನ್ನು ಬ್ರಿಟಿಷರು ಲೈನ್ಸ್ ಅನ್ನುತ್ತಿದ್ದರು, ಪೊಲೀಸ್ ಲೈನ್ ಎಂಬುದು ಅದರ ಉಳಿಕೆ; ಧಾರವಾಡದ ಲೈನ್ ಬಜಾರದ ಲೈನ್ ಕೂಡ ಅದೇ ಎಂದು ನನ್ನ ಊಹೆ. ಆ ಬಜಾರದಲ್ಲಿ ಪೇಢೆಗೆ ನಿಲ್ಲುವ ಲೈನಿಗೆ ಮಾತ್ರ ನಮ್ಮಲ್ಲಿ ಚಂದದ ಪದವಿದೆ: ಪಾಳಿ. ‘ಪಾಳಿ ಹಚ್ಯಾರ’ ಅನ್ನುವುದನ್ನು ಬಿಟ್ಟು ‘ಕ್ಯೂ’ ಅನ್ನತೊಡಗಿದ್ದು ನನಗೆ ಬೇಸರ.

ಈಗ ನನ್ನ ಪ್ರಶ್ನೆ. ಅನುವಾದಕರು ಲೈನ್ ಕಂಡಲ್ಲೆಲ್ಲ ರೇಖೆ, ಗೆರೆ, ಇಲ್ಲವೇ ಮಾರ್ಗ ಅಂತ ಬರೆಯುತ್ತಾರೆ. ಗೀರಿದರೆ ಗೆರೆ. ರೇಖೆಯ ಬೇರಿನಲ್ಲೂ ಗೀರುವ ಅರ್ಥವೇ ಇದೆ. ಜಗ್ಗಿ ಕಟ್ಟಿದ ದಾರದ ನೆನಪು ಇವೆರಡರಲ್ಲೂ ಇಲ್ಲ. ಅದು ಇರುವುದು ‘ಎಳೆ’ಯಲ್ಲಿ. ಎಳೆ ಅಂದರೆ ಜಗ್ಗು, ಎಳೆ ಅಂದರೆ ನೂಲು. ಅವ್ವ ಅಂಗಳದಲ್ಲಿ ರಂಗೋಲಿ ಹಾಕುವಾಗ ಹಿಟ್ಟಿನ ಗೆರೆಯನ್ನೂ ‘ಎಳೆ’ ಅಂತಿದ್ದಳು, ‘ಎರಡೆಳಿ ಹಾಕು, ಒಂದೆಳಿ ಬ್ಯಾಡ’ ಅಂತ. ಕಥೆಗೂ ಎಳೆ ಇದೆ, ಇಂಗ್ಲಿಷಿನವರ ಸ್ಟೋರಿಲೈನ್ ಅದೇ ಅಲ್ಲವೇ? ದಾರದಿಂದ ಗೆರೆಗೆ, ಗೆರೆಯಿಂದ ಕಥೆಗೆ ಲೈನ್ ನಡೆದ ದಾರಿಯನ್ನೇ ಎಳೆಯೂ ನಡೆದಿದೆ. ಇಂಥ ಪದ ಇಟ್ಟುಕೊಂಡು ನಾವು ರೇಖೆಗೆ ಜೋತುಬೀಳುವುದು ನನಗೆ ಸರಿ ಕಾಣುವುದಿಲ್ಲ.

ಹಾವೇರಿ, ರಾಣೆಬೆನ್ನೂರು ಕಡೆಯವರು ದಯವಿಟ್ಟು ತಿಳಿಸಿ: ಗೌಂಡಿಗಳ ಆ ದಾರಕ್ಕೆ ನಿಮ್ಮಲ್ಲಿ ಎಳೆ ಅನ್ನುವುದುಂಟೇ? ನೇಕಾರರ ಮನೆಯವರು, ಬಡಗಿಗಳು ಮರಕ್ಕೆ ಗುರುತು ಹಾಕುವ ಬಣ್ಣದ ದಾರ ಕಂಡವರು, ಅದಕ್ಕೆ ಏನು ಹೆಸರು ಕೇಳಿದ್ದೀರಿ?