ಪದಚರ್ಚೆ: ಸಂಶೋಧನಾರ್ಥಿ, ಶಿಷ್ಯವೇತನ, ಮಹಾಪ್ರಬಂಧ – ಬದಲಾದ ಪಿಎಚ್.ಡಿ.ಗೆ ಈ ಪದಗಳು ಸಾಲುತ್ತವೆಯೇ?

ಎಲ್ಲರಿಗೂ ನಮಸ್ಕಾರ.

ಪಿಎಚ್.ಡಿ.ಗೆ ಸಂಬಂಧಪಟ್ಟ ಕೆಲವು ಪದಗಳ ವಿಷಯದಲ್ಲಿ ಬಳಗದವರ ನೆರವು ಬೇಕಾಗಿದೆ. ಸಂಬಳದ ಮೇಲೆ ಪಿಎಚ್.ಡಿ. ಮಾಡುವವರನ್ನು ಕನ್ನಡದಲ್ಲಿ ಏನೆಂದು ಕರೆಯೋಣ? ಅವರಿಗೆ ತಿಂಗಳಿಗೆ ಬರುವ ಹಣಕ್ಕೆ ‘ಶಿಷ್ಯವೇತನ’ ಎನ್ನುವುದು ಸರಿಯೇ? ಅಚ್ಚಾದ ನಾಲ್ಕೈದು ಲೇಖನಗಳನ್ನು ಒಂದು ಕಟ್ಟಾಗಿ ಸಲ್ಲಿಸಿದರೆ ಅದನ್ನೂ ‘ಮಹಾಪ್ರಬಂಧ’ ಎನ್ನಬಹುದೇ?

ಪ್ರಶ್ನೆ ಯಾಕೆ ಬಂತೆಂದು ಹೇಳುತ್ತೇನೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ಕೊನೆಯ ವರ್ಷ ಓದುತ್ತಿರುವ ಮಕ್ಕಳಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಪಿಎಚ್.ಡಿ. ಎಂದರೇನು, ಬೇರೆ ದೇಶಗಳಲ್ಲಿ ಅದು ಹೇಗೆ ನಡೆಯುತ್ತದೆ, ಇಲ್ಲಿ ಏನೇನು ಬದಲಾಗಿದೆ ಎಂಬುದು ಅದರ ವಿಷಯ. ಬರೆಯಲು ಕೂತಾಗ ನಮ್ಮ ಜಿಲ್ಲಾ ಪುಟಗಳಲ್ಲಿ ದಿನ ಬಿಟ್ಟು ದಿನ ಬರುವ ಒಂದು ವಾಕ್ಯ ಕಣ್ಣ ಮುಂದೆ ನಿಂತಿತು: ‘ಇಂಥವರು ಇಂಥ ಪ್ರಾಧ್ಯಾಪಕರ ಮಾರ್ಗದರ್ಶನದಲ್ಲಿ, ಇಂಥ ವಿಷಯ ಕುರಿತು ಮಂಡಿಸಿದ ಮಹಾಪ್ರಬಂಧಕ್ಕೆ ದಾವಣಗೆರೆ ವಿಶ್ವವಿದ್ಯಾಲಯ ಪಿಎಚ್.ಡಿ. ಪದವಿ ನೀಡಿದೆ.’ ಪಕ್ಕದಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೊ. ಮೊದಲ ತಲೆಮಾರಿಗೆ ಅಕ್ಷರ ಕಂಡ ಎಷ್ಟೋ ಮನೆಗಳವರು ಆ ತುಣುಕನ್ನು ಕತ್ತರಿಸಿ ಫ್ರೇಮ್ ಹಾಕಿಸಿದ್ದನ್ನು ಕಂಡಿದ್ದೇನೆ. ಆ ವಾಕ್ಯದ ಮೇಲೆ ನನಗೆ ಗೌರವವಿದೆ. ಆದರೆ ಒಬ್ಬ ಗುರು, ಒಬ್ಬ ಶಿಷ್ಯ, ಒಂದು ದೊಡ್ಡ ಪುಸ್ತಕ ಎಂಬ ಕಾಲಕ್ಕೆ ಹೊಂದಿಸಿದ ವಾಕ್ಯ ಅದು.

ಇತ್ತೀಚೆಗೆ ನಿಟುವಳ್ಳಿ ಕಡೆಯ ಪರಿಚಯದವರೊಬ್ಬರು ಮಗಳಿಗೆ ನೆದರ್‌ಲ್ಯಾಂಡ್ಸ್‌ನಿಂದ ಬಂದ ಪತ್ರ ಹಿಡಿದುಕೊಂಡು ಮನೆಗೆ ಬಂದಿದ್ದರು. ‘ಸರ್, ಇದು ಅಡ್ಮಿಷನ್ ಲೆಟರಾ, ಅಪಾಯಿಂಟ್‌ಮೆಂಟ್ ಆರ್ಡರಾ? ಬ್ಯಾಂಕಿನೋರು ಲೋನಿಗೆ ಫೀಜು ಎಷ್ಟು ಅಂತ ಬರೆಸ್ಕೊಂಡು ಬನ್ರಿ ಅಂದ್ರು. ಇದ್ರಾಗೆ ಫೀಜು ಅನ್ನೋದೇ ಇಲ್ವಲ್ಲ’ ಎಂದರು. ಓದಿ ನೋಡಿದೆ. ಕರಾರಿನ ಅವಧಿ ನಾಲ್ಕು ವರ್ಷ, ತಿಂಗಳ ಸಂಬಳ ಇಷ್ಟು, ವರ್ಷಕ್ಕೆ ರಜೆ ಇಷ್ಟು, ಪಿಂಚಣಿ ನಿಧಿಗೆ ಕಡಿತ ಇಷ್ಟು. ಅದು ಅಪಾಯಿಂಟ್‌ಮೆಂಟ್ ಆರ್ಡರೇ. ಅಲ್ಲಿ ಪಿಎಚ್.ಡಿ. ಮಾಡುವ ಹೆಚ್ಚಿನವರು ವಿಶ್ವವಿದ್ಯಾಲಯದ ನೌಕರರು. ಅವರ ಸಂಬಳ ನಿಗದಿಯಾಗುವುದು ನೌಕರರ ಸಂಘಗಳು ಮಾಡಿಕೊಂಡ ಒಪ್ಪಂದದಂತೆ. ಸ್ವೀಡನ್ನಿನಲ್ಲೂ ಹೆಚ್ಚುಕಡಿಮೆ ಹೀಗೆಯೇ: ಕೆಲಸ ಖಾಲಿ ಇದೆ ಎಂದು ಜಾಹೀರಾತು ಬರುತ್ತದೆ, ಅರ್ಜಿ ಹಾಕಬೇಕು, ಆಯ್ಕೆಯಾದರೆ ಸೇರಬೇಕು. ಇದನ್ನೆಲ್ಲ ಹೇಳಿದ ಮೇಲೆ ಅವರು ಕೇಳಿದ ಮಾತು ಇದು: ‘ಹಂಗಾದ್ರೆ ನೆಂಟರ ಮುಂದೆ ಏನಂತ ಹೇಳ್ಲಿ ಸರ್, ಓದೋಕೆ ಹೋದ್ಲು ಅಂತ್ಲೋ, ಕೆಲಸಕ್ಕೆ ಹೋದ್ಲು ಅಂತ್ಲೋ?’

ಇಪ್ಪತ್ತೈದು ದಾಟಿದ ಹೆಣ್ಣುಮಗಳು ‘ಇನ್ನೂ ಓದ್ತಾ ಇದಾಳೆ’ ಎನ್ನುವುದಕ್ಕೂ ‘ಕೆಲಸದಲ್ಲಿದಾಳೆ’ ಎನ್ನುವುದಕ್ಕೂ ನಮ್ಮ ಮನೆಗಳಲ್ಲಿ ಎಷ್ಟು ಅಂತರವಿದೆ ಎಂಬುದು ನಿಮಗೆಲ್ಲ ಗೊತ್ತು. ಅದಕ್ಕೇ ಈ ಪದದ ಬಗ್ಗೆ ಇಷ್ಟು ತಲೆಕೆಡಿಸಿಕೊಂಡಿದ್ದೇನೆ.

ಸದ್ಯ ಬಳಕೆಯಲ್ಲಿರುವುದು ‘ಸಂಶೋಧನಾ ವಿದ್ಯಾರ್ಥಿ’, ‘ಸಂಶೋಧಕ’, ‘ಸಂಶೋಧನಾರ್ಥಿ’. (ಸಮಾಸದಲ್ಲಿ ‘ಸಂಶೋಧನ’ವೋ ‘ಸಂಶೋಧನಾ’ವೋ ಎಂಬ ಹಳೆಯ ಜಗಳವನ್ನು ಇಲ್ಲಿ ದಯವಿಟ್ಟು ತೆಗೆಯುವುದು ಬೇಡ.) ವಿದ್ಯಾರ್ಥಿ ಎಂದರೆ ಫೀಜು ಕಟ್ಟುವವನು ಎಂದೇ ನಮ್ಮ ಕಡೆಯ ಲೆಕ್ಕ, ಹಾಗಾಗಿ ಮೊದಲನೆಯದು ಆ ಹುಡುಗಿಗೆ ಹೊಂದದು. ‘ಸಂಶೋಧಕಿ’ ಎಂದರೆ ಪದವಿ ಮುಗಿಸಿ ಹೆಸರು ಮಾಡಿದವರೂ ಅದರಲ್ಲೇ ಸೇರಿಬಿಡುತ್ತಾರೆ. ನನ್ನ ಒಲವು ‘ಸಂಶೋಧನಾರ್ಥಿ’ಯ ಕಡೆಗೆ. ಗಂಡು ಹೆಣ್ಣು ಎರಡಕ್ಕೂ ಒಂದೇ ರೂಪ ನಡೆಯುತ್ತದೆ. ಶಿಬಿರಾರ್ಥಿ, ಪ್ರಶಿಕ್ಷಣಾರ್ಥಿ ಎಂಬಲ್ಲಿ ‘ಅರ್ಥಿ’ಗೆ ಶಾಲೆಯ ವಾಸನೆ ಇಲ್ಲ, ಸರ್ಕಾರಿ ನೌಕರರೇ ತರಬೇತಿಗೆ ಹೋದಾಗ ಪ್ರಶಿಕ್ಷಣಾರ್ಥಿಗಳಾಗುತ್ತಾರೆ, ಸಂಬಳವೂ ನಡೆಯುತ್ತಿರುತ್ತದೆ. ಇದಕ್ಕಿಂತ ಒಳ್ಳೆಯದು ನಿಮ್ಮಲ್ಲಿದ್ದರೆ ತಿಳಿಸಿ.

ಹಣದ ಪದ ಇನ್ನೂ ಸ್ವಾರಸ್ಯದ್ದು. ಇಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಾಸಾದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಶಿವಗಂಗೋತ್ರಿಯ, ಅಂದರೆ ದಾವಣಗೆರೆ ವಿಶ್ವವಿದ್ಯಾಲಯದ ಆವರಣದ, ಹುಡುಗರು ಅದಕ್ಕೆ ‘ಫೆಲೋಶಿಪ್’ ಎಂದಷ್ಟೇ ಹೇಳುತ್ತಾರೆ. ಪತ್ರಿಕೆಯಲ್ಲಿ ಅದೇ ‘ಶಿಷ್ಯವೇತನ’. ಶಿಷ್ಯನೂ ವೇತನವೂ ಒಂದೇ ಪದದಲ್ಲಿ ಕೂತಿವೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ಪಿಎಚ್.ಡಿ. ನಿಯಮಾವಳಿ ಸಂಶೋಧನಾರ್ಥಿಗಳಿಗೆ ವಾರಕ್ಕೆ ನಾಲ್ಕರಿಂದ ಆರು ಗಂಟೆ ಪಾಠ, ಪ್ರಯೋಗಾಲಯ, ಮೌಲ್ಯಮಾಪನದ ಕೆಲಸ ಕೊಡಬಹುದು ಎಂದಿದೆ. ಕೆಲಸ ಮಾಡುವವರಿಗೆ ಸಿಗುವುದು ವೇತನವೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಭಾರತದ ಫೆಲೋಶಿಪ್ಪಿಗೆ ‘ಶಿಷ್ಯವೇತನ’ ಇಟ್ಟುಕೊಂಡು, ನೆದರ್‌ಲ್ಯಾಂಡ್ಸ್, ಸ್ವೀಡನ್ನಿನದಕ್ಕೆ ಯಾವ ಅಳುಕೂ ಇಲ್ಲದೆ ‘ಸಂಬಳ’ ಎಂದು ಬರೆಯಬೇಕೆಂದಿದ್ದೇನೆ.

ಇನ್ನು ಮಹಾಪ್ರಬಂಧ. ನಮ್ಮಲ್ಲಿ ಶಾಲೆಯ ಪ್ರಬಂಧವಿದೆ, ಲಲಿತಪ್ರಬಂಧವಿದೆ, ವಿಚಾರಸಂಕಿರಣದಲ್ಲಿ ಓದುವ ಸಂಪ್ರಬಂಧವಿದೆ, ಎಂ.ಫಿಲ್.ಗೆ ಬರೆಯುತ್ತಿದ್ದ ಕಿರುಪ್ರಬಂಧವಿದೆ. 2022ರ ನಿಯಮಾವಳಿ ಎಂ.ಫಿಲ್. ಪದವಿಯನ್ನೇ ತೆಗೆದುಹಾಕಿತು, ಕಿರುಪ್ರಬಂಧ ಇನ್ನು ಎಂ.ಎ. ಮಟ್ಟದಲ್ಲಿ ಉಳಿದುಕೊಳ್ಳುತ್ತದೆ. ಇವೆಲ್ಲದರ ತುದಿಯಲ್ಲಿ ಮಹಾಪ್ರಬಂಧ. ಈ ‘ಮಹಾ’ಕ್ಕೆ ತಕ್ಕ ಉದಾಹರಣೆ ನಮ್ಮ ಜಿಲ್ಲೆಯವರದೇ ಇದೆ: ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನವರಾದ ಎಂ. ಚಿದಾನಂದಮೂರ್ತಿಯವರು ತೀ.ನಂ.ಶ್ರೀ. ಅವರ ಮಾರ್ಗದರ್ಶನದಲ್ಲಿ ಕ್ರಿ.ಶ. 450ರಿಂದ 1150ರವರೆಗಿನ ಕನ್ನಡ ಶಾಸನಗಳ ಮೇಲೆ ಬರೆದು 1964ರಲ್ಲಿ ಪಿಎಚ್.ಡಿ. ಪಡೆದದ್ದು. ಆ ಪುಸ್ತಕವನ್ನು ಇವತ್ತಿಗೂ ಜನ ಕೊಂಡು ಓದುತ್ತಾರೆ. ಏಳು ನೂರು ವರ್ಷಗಳ ಶಾಸನಗಳನ್ನು ಒಬ್ಬರೇ ಓದಿ ಒಂದು ಹರವಿಗೆ ತಂದದ್ದು ಮಹಾಪ್ರಬಂಧವಲ್ಲದೆ ಮತ್ತೇನು.

ಆದರೆ ಈಗ ವಿಜ್ಞಾನ, ವೈದ್ಯಕೀಯದಲ್ಲಿ, ಅದರಲ್ಲೂ ಸ್ವೀಡನ್ ಮುಂತಾದ ಉತ್ತರ ಯುರೋಪಿನ ದೇಶಗಳಲ್ಲಿ, ಒಂದೇ ಪುಸ್ತಕ ಬರೆಯುವುದು ಕಡಿಮೆ. ನಿಯತಕಾಲಿಕೆಗಳಲ್ಲಿ ಅಚ್ಚಾದ ಅಥವಾ ಅಚ್ಚಿಗೆ ಕಳಿಸಿದ ಲೇಖನಗಳನ್ನು ಜೋಡಿಸಿ, ಅವುಗಳ ಒಟ್ಟು ಸಾರ ಹೇಳುವ ಒಂದು ದೀರ್ಘ ಅಧ್ಯಾಯವನ್ನು ಮುಂದೆ ಇಟ್ಟು ಸಲ್ಲಿಸುತ್ತಾರೆ. ಸ್ವೀಡನ್ನಿನವರು ಆ ಅಧ್ಯಾಯಕ್ಕೆ ‘ಕಪ್ಪಾ’ ಎನ್ನುತ್ತಾರೆ. ಅವರ ಮಾತಿನಲ್ಲಿ ನಿಲುವಂಗಿ ಎಂದರ್ಥ. ಕೆಲವು ಲೇಖನಗಳಿಗೆ ಐದಾರು ಜನ ಸಹಲೇಖಕರೂ ಇರುತ್ತಾರೆ. ಇದಕ್ಕೆ ‘ಸಂಪುಟ ಪ್ರಬಂಧ’ ಎಂದು ನಾನು ಬರೆದುಕೊಂಡಿದ್ದೇನೆ. ‘ಗುಚ್ಛ’ ಎಂದರೆ ಹೂವಿನ ನೆನಪು ಬರುತ್ತದೆ, ‘ಸಂಕಲನ’ ಎಂದರೆ ಇನ್ನೊಬ್ಬರು ಆರಿಸಿದ್ದು ಅನ್ನಿಸುತ್ತದೆ. ಮುಂದಿನ ಅಧ್ಯಾಯಕ್ಕೆ ‘ಉಪೋದ್ಘಾತ’ ಸಾಕೇ? ಅದು ಬರಿಯ ಪೀಠಿಕೆಯಲ್ಲ. ಸಂಶೋಧನಾರ್ಥಿಯ ಸ್ವಂತ ಪಾಲು ಎಷ್ಟೆಂದು ತೋರಿಸುವ ಜಾಗವೇ ಅದು.

ಇದಕ್ಕೂ ಮುಂದೆ ಹೋದವರಿದ್ದಾರೆ. ಚೀನಾದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಪದವಿ ಕಾಯ್ದೆಯ ಪ್ರಕಾರ, ವೃತ್ತಿಪರ ಡಾಕ್ಟರೇಟಿಗೆ ಪ್ರಬಂಧವೇ ಬೇಕೆಂದಿಲ್ಲ, ನಿಗದಿಪಡಿಸಿದ ಪ್ರಾಯೋಗಿಕ ಸಾಧನೆಯನ್ನು ಮುಂದಿಟ್ಟು ಸಮರ್ಥಿಸಿಕೊಂಡರೂ ನಡೆಯುತ್ತದೆ. ಫ್ರಾನ್ಸಿನಲ್ಲಿ 1981ರಿಂದಲೂ ಕಂಪನಿಯಲ್ಲಿ ಕೆಲಸದಲ್ಲಿದ್ದುಕೊಂಡೇ ಪಿಎಚ್.ಡಿ. ಮಾಡುವ ಸರ್ಕಾರಿ ಯೋಜನೆಯಿದೆ. ಬ್ರಿಟನ್, ಆಸ್ಟ್ರೇಲಿಯಾ, ಫಿನ್‌ಲ್ಯಾಂಡ್‌ಗಳಲ್ಲಿ ಚಿತ್ರ, ನಾಟಕ, ಸಂಗೀತದ ಕೃತಿಗಳನ್ನೇ ಸಂಶೋಧನೆಯೆಂದು ಒಪ್ಪಿ, ಜೊತೆಗೊಂದು ಬರಹ ಕೇಳುತ್ತಾರೆ. ನಮ್ಮ ದೃಶ್ಯಕಲಾ ಮಹಾವಿದ್ಯಾಲಯದ ಹುಡುಗನೊಬ್ಬನಿಗೆ ಇದನ್ನು ಹೇಳಿದಾಗ, ‘ಹಂಗಾದ್ರೆ ನನ್ನ ಕ್ಯಾನ್ವಾಸೇ ಥೀಸಿಸ್ಸಾ ಸರ್?’ ಎಂದು ಎದ್ದು ನಿಂತುಬಿಟ್ಟ. ಆ ಜೊತೆಬರಹಕ್ಕೆ ನಮ್ಮ ಹಳೆಯ ‘ಟೀಕೆ’ ಎಂಬ ಪದವೇ ಸರಿ ಎಂದು ನನಗನ್ನಿಸುತ್ತದೆ: ಮೂಲದ ಒಳಗಿನದನ್ನು ಬಿಡಿಸಿ ಹೇಳುವುದು. ವಚನಗಳಿಗೆ ಟೀಕೆ ಬರೆದ ನಾಡಿದು. ಇವತ್ತು ಟೀಕೆ ಎಂದರೆ ಬೈಗುಳ ಎಂದಾಗಿರುವುದೊಂದೇ ತೊಡಕು. ‘ವ್ಯಾಖ್ಯಾನ’ಕ್ಕೆ ಆ ಕಳಂಕವಿಲ್ಲ, ಆದರೆ ಇನ್ನೊಬ್ಬರ ಕೃತಿಗೆ ಬರೆದದ್ದು ಅನ್ನಿಸುತ್ತದಲ್ಲ?

‘ಮಂಡಿಸಿದ’ ಎಂಬುದರ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಪ್ರಬಂಧವನ್ನು ಕಚೇರಿಗೆ ಸಲ್ಲಿಸುವುದಕ್ಕೂ ಮಂಡಿಸುವುದಕ್ಕೂ ಪತ್ರಿಕೆಯವರು ವ್ಯತ್ಯಾಸ ಮಾಡುವುದಿಲ್ಲ. ಆಡುಮಾತಿನಲ್ಲಿ ‘ಥೀಸಿಸ್ ಸಬ್‌ಮಿಟ್ ಆಯ್ತು’, ‘ವೈವಾ ಮುಗೀತು’ ಎಂದು ಎರಡನ್ನೂ ಸ್ಪಷ್ಟವಾಗಿ ಬೇರೆ ಇಟ್ಟಿದ್ದಾರೆ. ಬ್ರಿಟನ್ನಿನಲ್ಲಿ ವೈವಾ, ಅಂದರೆ ಮೌಖಿಕ ಪರೀಕ್ಷೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ. ಸ್ವೀಡನ್ನಿನಲ್ಲಿ ಅದಕ್ಕೆ ಸಾಮಾನ್ಯವಾಗಿ ಮೂರು ವಾರ ಮೊದಲೇ ಪ್ರಬಂಧದ ಪ್ರತಿಯನ್ನು ಎಲ್ಲರೂ ನೋಡುವಂತೆ ಹಲಗೆಗೆ ಮೊಳೆ ಹೊಡೆದು ನೇತುಹಾಕುತ್ತಾರೆ. ಆ ದಿನ ಯಾರು ಬೇಕಾದರೂ ಬಂದು ಕೂರಬಹುದು, ಹೊರಗಿನಿಂದ ಬಂದ ವಿದ್ವಾಂಸರು ಎದುರು ನಿಂತು ಪ್ರಶ್ನಿಸುತ್ತಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ನಿಗದಿತ ಹೊತ್ತು ಮುಗಿದಾಗ ದಂಡ ಹಿಡಿದ ಅಧಿಕಾರಿ ಒಳಬಂದು ಲ್ಯಾಟಿನ್ನಿನಲ್ಲಿ ‘ಹೋರಾ ಎಸ್ಟ್’, ಹೊತ್ತಾಯಿತು, ಎನ್ನುತ್ತಾರೆ. ವಾಕ್ಯ ಅರ್ಧದಲ್ಲಿದ್ದರೂ ಪ್ರಶ್ನೋತ್ತರ ಅಲ್ಲಿಗೆ ನಿಂತಿತು. ಇದಕ್ಕೆ ‘ಮಂಡನೆ’ ಎಂಬ ಪದವನ್ನು ಅದರ ನಿಜವಾದ ಅರ್ಥದಲ್ಲಿ ಉಳಿಸಿಕೊಳ್ಳಬೇಕು. ಖಂಡನೆ ಎದುರಿಗಿದ್ದಾಗಲೇ ಮಂಡನೆಗೆ ಬೆಲೆ. ಎದುರು ನಿಂತು ಕೇಳುವವರಿಗೆ ‘ಪೂರ್ವಪಕ್ಷಿ’ ಎನ್ನುವುದು ಹೇಗೆ? ಮಠಗಳಲ್ಲಿ ವಾಕ್ಯಾರ್ಥ, ಅಂದರೆ ಶಾಸ್ತ್ರಚರ್ಚೆ, ನಡೆಸಿದವರಿಗೆ ಇದು ಪರಿಚಿತ. ಪದವಿ ಕಾಲೇಜಿನ ಮಕ್ಕಳಿಗೆ ಭಾರವಾದೀತೇ ಎಂಬ ಅನುಮಾನವಿದೆ.

ಮಾರ್ಗದರ್ಶಕರ ವಿಷಯದಲ್ಲಿ ನನಗೆ ತೊಡಕಿಲ್ಲ. ಜರ್ಮನಿಯವರು ‘ಡಾಕ್ಟರ್ ತಂದೆ’, ‘ಡಾಕ್ಟರ್ ತಾಯಿ’ ಎನ್ನುತ್ತಾರೆ, ನಾವು ‘ಯಾರ ಹತ್ರ ಮಾಡ್ತಿದೀಯಾ?’ ಎನ್ನುತ್ತೇವೆ. ಈಗ ಅಲ್ಲೂ ಇಲ್ಲೂ ಒಬ್ಬರ ಬದಲು ಇಬ್ಬರು ಮೂವರ ತಂಡ, ಮೇಲೊಂದು ಸಲಹಾ ಸಮಿತಿ ಬಂದಿದೆ. ಬಹುವಚನ ಹಾಕಿದರೆ ಆಯಿತು.

ಕೈಪಿಡಿಯಲ್ಲಿ ಒತ್ತಿ ಹೇಳಬೇಕೆಂದಿರುವ ಇನ್ನೊಂದು ಸಂಗತಿ: 2022ರ ನಿಯಮಾವಳಿಯಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಪಡೆದವರು ಎಂ.ಎ., ಎಂ.ಎಸ್ಸಿ. ಮಾಡದೆಯೂ ಪಿಎಚ್.ಡಿ. ಪ್ರವೇಶಕ್ಕೆ ಅರ್ಹರು. ಇಪ್ಪತ್ತೆರಡರ ವಯಸ್ಸಿನಲ್ಲಿ ಈ ಪದಗಳನ್ನೆಲ್ಲ ಎದುರಿಸುವ ಮಕ್ಕಳು ಬರುತ್ತಿದ್ದಾರೆ. ಜಗಳೂರು, ಮೊಳಕಾಲ್ಮೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇವು ಕನ್ನಡದಲ್ಲೇ ಮೊದಲು ತಿಳಿಯಬೇಕು ಎಂಬುದು ನನ್ನ ಹಂಬಲ.

ಬಳಗದವರಲ್ಲಿ ಕೇಳಿಕೊಳ್ಳುವುದಿಷ್ಟು. ‘ಸಂಶೋಧನಾರ್ಥಿ’ಯನ್ನು ಸಂಬಳ ಪಡೆಯುವವರಿಗೆ ಬಳಸಿದ ಉದಾಹರಣೆ ಯಾವ ಪತ್ರಿಕೆ, ಪುಸ್ತಕದಲ್ಲಾದರೂ ಕಂಡಿದ್ದರೆ ಕಳಿಸಿ. ಹಾಗೆಯೇ ‘ಶಿಷ್ಯವೇತನ’ ಎಂಬುದು ಹಳೆಯ ಮೈಸೂರು ಸಂಸ್ಥಾನದ ಕಾಗದಪತ್ರಗಳಲ್ಲಿ ಅಥವಾ ಮಠದ ಪಾಠಶಾಲೆಗಳ ಲೆಕ್ಕದಲ್ಲಿ ನಿಮ್ಮ ಕಣ್ಣಿಗೆ ಬಿದ್ದಿದ್ದರೆ, ಅದನ್ನು ಓದುವ ಹುಡುಗರಿಗೆ ಕೊಡುತ್ತಿದ್ದರೋ, ಓದುತ್ತ ಕಲಿಸುತ್ತಿದ್ದ ಹಿರಿಯ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದರೋ ಎಂಬುದನ್ನು ನೋಡಿ ತಿಳಿಸಿ. ಎರಡನೆಯದಾಗಿದ್ದರೆ ಆ ಪದವನ್ನೇ ಎಲ್ಲ ಕಡೆಗೂ ಇಟ್ಟುಕೊಳ್ಳುತ್ತೇನೆ.