ಹೊಳಪಿನ ಕಾಗದದ ಮೇಲೆ ಅಚ್ಚಿನ ಶಾಯಿ ಕಲಸಿಹೋಗುವುದೇಕೆ?

ಪ್ರಶ್ನೆ: ಭಾನುವಾರದ ಬಿಡುವಿನಲ್ಲಿ ಹಳೆಯ ಫೋಟೊಗಳನ್ನೂ ಮದುವೆಯ ಕರೆಯೋಲೆಗಳನ್ನೂ ಅಂಟಿಸಿ ಸ್ಕ್ರ್ಯಾಪ್‌ಬುಕ್ ಮಾಡುತ್ತಿದ್ದೇನೆ. ಹೊಳಪಿನ ಪುಟದ ಅಂಚಿಗೆ ಒತ್ತಿದ ರಬ್ಬರ್ ಅಚ್ಚಿನ ಹೂಬಳ್ಳಿ ಪ್ರತಿ ಸಲವೂ ಕಲಸಿಹೋಗುತ್ತಿದೆ. ದೋಷ ಕೈಯದೋ, ಶಾಯಿಯದೋ?

ಉತ್ತರ 1: ಬಹುಶಃ ಶಾಯಿಯದು. ಪಿಗ್ಮೆಂಟ್ ಶಾಯಿ, ಅಂದರೆ ನುಣ್ಣನೆಯ ಬಣ್ಣದ ಕಣಗಳಿರುವ ಶಾಯಿ, ಕಾಗದದೊಳಗೆ ಇಳಿಯದೆ ಮೇಲೆಯೇ ನಿಲ್ಲುವುದರಿಂದ ನಿಧಾನವಾಗಿ ಒಣಗುತ್ತದೆ. ಆ ಹಸಿತನವನ್ನೇ ಬಳಸಿಕೊಂಡು ಎಂಬಾಸಿಂಗ್ ಪುಡಿ (ಬಿಸಿಗೆ ಕರಗುವ ಪುಡಿ) ಉದುರಿಸಿ, ಹೆಚ್ಚಾದುದನ್ನು ಕೊಡವಿ, ಬಿಸಿಗಾಳಿ ಊದುವ ಹೀಟ್ ಗನ್ನಿನಿಂದ ಕರಗಿಸಿದರೆ ಗೆರೆ ಉಬ್ಬಿ ಗಟ್ಟಿಯಾಗುತ್ತದೆ. ಫೋಟೊ ಅಂಟಿಸುವ ಮೊದಲೇ ಇದನ್ನು ಮುಗಿಸಿರಿ.

ಉತ್ತರ 2: ಪತ್ರಿಕೆಯ ತುಣುಕುಗಳಿದ್ದರೆ ಆಮ್ಲರಹಿತ ಕಾಗದದ ಮೇಲೆ ತೆಗೆದ ನಕಲನ್ನು ಅಂಟಿಸಿರಿ. ಸುದ್ದಿಕಾಗದವು ಮರದಿಂದ ಬಂದ ಲಿಗ್ನಿನ್ ಎಂಬ ವಸ್ತುವಿನಿಂದಾಗಿ ಹಳದಿಗಟ್ಟುತ್ತದೆ.

ಉತ್ತರ 3: ನಾನಂತೂ ಬೆಂಡೆಕಾಯಿಯನ್ನು ಅಡ್ಡ ಕೊಯ್ದು ಒತ್ತಿದ ಹೂವನ್ನೇ ಮೆಚ್ಚುವವನು. ಅಳಿಸುವ ರಬ್ಬರಿನಲ್ಲಿ ಅಕ್ಷರ ಕೆತ್ತುವುದಾದರೆ ಕನ್ನಡಿಯ ಬಿಂಬದಂತೆ ತಿರುಗಿಸಿ ಕೆತ್ತಬೇಕು. ಅದನ್ನು ಮರೆತ ನನ್ನ ಮೊದಲ ‘ಶ್ರೀ’ ಹಿಂದುಮುಂದಾಗಿಯೇ ಅಚ್ಚಾಯಿತು.